ಗಂಡನ ಓಟಿಪಿ ಮತ್ತು ಹೊಲಿಗೆ ಮಷೀನು

ಯಲಬುರ್ಗಾ ತಾಲೂಕಿನ ಮನೆಜಗಳಗಳನ್ನೆಲ್ಲ ಹೋದ ಯುಗಾದಿಯಿಂದ ಗಣಕೀಕರಿಸಲಾಗಿದೆ.

ಅದಕ್ಕೂ ಮೊದಲು ಗೃಹಶಾಂತಿ ಕೇಂದ್ರದ ಸಮಾಜ ಕಾರ್ಯಕರ್ತೆ ವಾಣಿಶ್ರೀ ಬಸ್ಸು ಹತ್ತಿ ಜಗಳದ ಮನೆಗೇ ಹೋಗುತ್ತಿದ್ದಳು. ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಅತ್ತೆಗೊಂದು ಮಾತು, ಗಂಡನಿಗೆರಡು ಮಾತು ಅಂದು, ಅವನು ತಲೆ ತಗ್ಗಿಸಿದ ಮೇಲೆ ಎದ್ದು ಬರುತ್ತಿದ್ದಳು. ತಲೆ ತಗ್ಗಿಸಿದ್ದಕ್ಕೆ ದಾಖಲೆ ಉಳಿಯುವುದಿಲ್ಲ ಎಂಬ ಕಾರಣಕ್ಕೆ ಆ ಪದ್ಧತಿಯನ್ನು ರದ್ದುಪಡಿಸಿ ಅವಳನ್ನು ಕಂಪ್ಯೂಟರಿನ ಮುಂದೆ ಕೂಡಿಸಲಾಯಿತು.

ಜರೀನಾ ಕೇಂದ್ರದ ಮೆಟ್ಟಿಲು ಹತ್ತಿದ್ದು ತನ್ನ ಹೊಲಿಗೆ ಮಷೀನಿಗಾಗಿ. ತಾನು ಕರೆದಾಗ ಹೆಂಡತಿ ಮಷೀನು ತುಳಿಯುವುದನ್ನು ನಿಲ್ಲಿಸಲಿಲ್ಲವೆಂಬ ಸಿಟ್ಟಿಗೆ ಗಂಡ ಇಲಿಯಾಸ ಅದನ್ನು ಟಂಟಂ ಆಟೋದಲ್ಲಿ ಹೇರಿ ಕುಷ್ಟಗಿಯ ತನ್ನ ಅಕ್ಕನ ಮನೆಗೆ ಸಾಗಿಸಿದ್ದ. ಆ ಮಷೀನಿನ ಮೇಲೆಯೇ ಅವಳ ಮನೆಯ ಒಲೆ ಉರಿಯುತ್ತಿತ್ತು.

ವಾಣಿಶ್ರೀ ಅವಳ ಆಧಾರ್ ಸಂಖ್ಯೆ ಒತ್ತಿ, ಓಟಿಪಿ ಹೇಳೆಂದಳು.

"ನನ್ನ ಫೋನಿಗೆ ಬರೂದಿಲ್ರಿ ಅಕ್ಕಾರ. ಆಧಾರಿಗೆ ನಮ್ಮ ಮನಿಯವರ ನಂಬರ ಐತಿ."

"ಹಂಗಾರ ಅವರನ್ನ ಕೇಳವಾ."

"ಅವರ ಮ್ಯಾಲೇ ತಕರಾರು ಕೊಡಾಕ ಬಂದೀನ್ರಿ."

"ಅದು ಎರಡನೇ ಪುಟದಾಗ ಬರ್ತೈತಿ. ಮೊದಲನೇ ಪುಟ ದಾಟಬೇಕಲ್ಲ?"

ಆ ಸೀಮೆಯ ರೂಢಿಯೇ ಹಾಗೆ. ಹೆಂಗಸಿನ ಕಾಗದಪತ್ರ ಯಾವುದೇ ಇರಲಿ, ನಂಬರು ಮಾತ್ರ ಗಂಡನದು. ನಂಬರು ಬದಲಿಸಬಹುದೇ ಎಂದು ಜರೀನಾ ಕೇಳಿದಳು. ಧಾರಾಳವಾಗಿ ಬದಲಿಸಬಹುದಿತ್ತು, ಹಳೆಯ ನಂಬರಿಗೆ ಬರುವ ಓಟಿಪಿ ಹೇಳಿದರೆ ಸಾಕಿತ್ತು.

ಕೊನೆಗೆ ಇಲಿಯಾಸನಿಗೇ ಫೋನು ಹೋಯಿತು. ವಾಣಿಶ್ರೀ ನಿಯಮದಂತೆ, ಅವನ ಮೇಲೆ ದೂರು ದಾಖಲಿಸಲು ಅವನ ಒಪ್ಪಿಗೆ ಬೇಕಾಗಿದೆಯೆಂದು ತಿಳಿಸಿದಳು. ಅವನು ಒಂದೇ ಷರತ್ತು ಹಾಕಿದ. "ಆರೋಪಿ ಅಂತ ಬ್ಯಾಡ್ರಿ ಮೇಡಂ, ಯಜಮಾನ ಅಂತ ಹಾಕ್ರಿ," ಎಂದು ಓಟಿಪಿ ಹೇಳಿದ.

ದೂರಿನ ಒಕ್ಕಣೆ ಪರಿಶೀಲನೆಗೆಂದು ಅವನ ಮೊಬೈಲಿಗೇ ಹೋಯಿತು. 'ಕಸಿದುಕೊಂಡು ಹೋದರು' ಎಂಬಲ್ಲಿ ಅವನು 'ಜೋಪಾನ ಮಾಡಿದರು' ಎಂದು ತಿದ್ದಿ ಕಳಿಸಿದ. ಇಷ್ಟು ಸಹಕರಿಸಿದ ಗಂಡ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಕೇಂದ್ರದ ಮುಖ್ಯಸ್ಥ ವಿರೂಪಾಕ್ಷಪ್ಪ ಅವನಿಗೆ ಮೆಚ್ಚುಗೆ ಪತ್ರ ಬರೆಸಿದರು.

ಮುಂದಿನ ಹಂತ, ವಸ್ತುವನ್ನು ಮರಳಿಸುವುದು. ಅದಕ್ಕೆ ಮಷೀನಿನ ಚಿತ್ರ ತೆಗೆದು ಕಂಪ್ಯೂಟರಿಗೆ ಏರಿಸಬೇಕಿತ್ತು. ಇಲಿಯಾಸ ಅಕ್ಕನ ಮನೆಯಿಂದಲೇ ಚಿತ್ರ ಏರಿಸಿದ. ಮಷೀನಿನ ಮೇಲೆ ಅಕ್ಕನ ಸೀರೆ ಒಣಗುತ್ತಿತ್ತು. ಕಂಪ್ಯೂಟರಿನ ಮೇಲೆ ಹಸಿರು ಅಕ್ಷರ ಮೂಡಿದವು: 'ವಸ್ತು ಮರಳಿಸಲಾಗಿದೆ.' ವಿರೂಪಾಕ್ಷಪ್ಪ ಆ ಚಿತ್ರವನ್ನು ಲ್ಯಾಮಿನೇಶನ್ ಮಾಡಿಸಿ ಜರೀನಾಳ ಕೈಗಿಟ್ಟರು.

ಅವಳು ಅದನ್ನು ತಿರುವಿ ನೋಡಿದಳು. "ಇದರಾಗ ದಾರ ಎಲ್ಲಿ ಪೋಣಿಸ್ಲಿರಿ ಸಾಹೇಬ್ರ?"

"ಅದು ತಾಂತ್ರಿಕ ವಿಷಯ, ತಂಗಿ. ನಮ್ಮದು ಸಾಮಾಜಿಕ."

ದೂರುದಾರಳ ಸಮಾಧಾನವನ್ನೂ ದಾಖಲಿಸಬೇಕಿತ್ತು. ಆ ಓಟಿಪಿಯೂ ಇಲಿಯಾಸನಿಗೇ ಹೋಯಿತು. ಹೆಂಡತಿಗೆ ಪೂರ್ಣ ಸಮಾಧಾನವಾಗಿದೆಯೆಂದು ಅವನು ಐದು ನಕ್ಷತ್ರ ಒತ್ತಿದ. ಕೇಂದ್ರ ಜಿಲ್ಲೆಗೇ ಮೊದಲು ಬಂತು.

ಕೊಪ್ಪಳದಿಂದ ಅಧಿಕಾರಿಗಳು ನೋಡಲು ಬರುವುದು ಗೊತ್ತಾಯಿತು. ಪಡುವಣ ಕಿಟಕಿಯಿಂದ ಬಿಸಿಲು ನೇರ ಕುರ್ಚಿಗಳ ಮೇಲೆ ಬೀಳುತ್ತಿದ್ದ ಕಾರಣ ಕಿಟಕಿಗೆ ಪರದೆ ಹೊಲಿಸಲು ತೀರ್ಮಾನಿಸಲಾಯಿತು. ಇಂಥ ಕೆಲಸವನ್ನು ಕೇಂದ್ರದ ಫಲಾನುಭವಿಗೇ ಕೊಡತಕ್ಕದ್ದೆಂದು ನಿಯಮವಿತ್ತು. ಜರೀನಾಳಿಗೆ ಹೇಳಿಕಳಿಸಿದರು. ಅವಳು ಕಿಟಕಿಯ ಅಳತೆ ತೆಗೆದುಕೊಂಡು ಹೋದಳು. ಮರುದಿನ ಪಕ್ಕದ ಮನೆಯ ಮುಮ್ತಾಜಬೇಗಂಳ ಬಾಗಿಲಿನ ನೀಲಿ ಪರದೆಯ ಚಿತ್ರ ತೆಗೆದು ಕೇಂದ್ರಕ್ಕೆ ಕಳಿಸಿದಳು.

ವಾಣಿಶ್ರೀ ಅದನ್ನು ಏರಿಸಿದಳು. 'ವಸ್ತು ತಲುಪಿದೆ' ಎಂದು ಹಸಿರು ಅಕ್ಷರ ಬಂದವು. ವಿರೂಪಾಕ್ಷಪ್ಪ ಬರಿಯ ಕಿಟಕಿಯನ್ನೊಮ್ಮೆ, ಹಸಿರು ಅಕ್ಷರವನ್ನೊಮ್ಮೆ ನೋಡಿದರು. ಆಮೇಲೆ ಸಹಿ ಮಾಡಿದರು.

ಅಧಿಕಾರಿಗಳು ಬಂದ ಸಮಾರಂಭದ ದಿನ ಇಲಿಯಾಸನಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂಡಿಸಿದ್ದರು. ಬಿಸಿಲಿಗೆ ಎಲ್ಲರ ಮುಖವೂ ಕೆಂಪಗಾಗಿತ್ತು. ಯಾರೂ ಕುರ್ಚಿ ಸರಿಸಲಿಲ್ಲ; ಪರದೆ ಇರುವ ಕೋಣೆಯಲ್ಲಿ ಕುರ್ಚಿ ಸರಿಸಲು ಕಾರಣವಿರಲಿಲ್ಲ. ಹಿರಿಯ ಅಧಿಕಾರಿ ಕಂಪ್ಯೂಟರಿನಲ್ಲಿ ನೀಲಿ ಪರದೆಯ ಚಿತ್ರ ನೋಡಿ, ಬಣ್ಣ ಭಾಳ ತಂಪಾಗಿದೆಯೆಂದು ಮೆಚ್ಚಿದರು. ಗೋಡೆಗೆ ಒರಗಿ ನಿಂತಿದ್ದ ಜರೀನಾಳ ಕಡೆ ತಿರುಗಿದರು.

"ಹೊಲಿಗಿ ಛಲೋ ಐತಿ. ಯಾವ ಮಷೀನಿನ್ಯಾಗ ಹೊಲದಿ ತಾಯಿ?"

"ನೀವು ಕೊಡಿಸಿದ ಮಷೀನಿನ್ಯಾಗ್ರಿ."

ಅಧಿಕಾರಿ ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಇನ್ನೊಂದರಿಂದ ಅದನ್ನು ಬರೆದುಕೊಂಡರು.