ಲಕ್ಷದ್ವೀಪಕ್ಕೆ ಹೋಗುವವರಿಗೆ ನಮ್ಮ ಕಾಕಾನ ಎಚ್ಚರಿಕೆಗಳು

ಲಕ್ಷದ್ವೀಪಕ್ಕೆ ಹೋಗುವುದು ಹೇಗೆ ಎಂಬುದನ್ನು ಇಡೀ ದೇಶದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೇರಳದವರು ಎಂದು ನೀವು ಹೇಳಬಹುದು. ತಪ್ಪು. ವಾಡಿಯವರು! ಸುಣ್ಣದ ಕಲ್ಲು, ಸಿಮೆಂಟಿನ ಧೂಳು, ರೈಲಿನ ಹೊಗೆ ಬಿಟ್ಟರೆ ಬೇರೇನೂ ಕಾಣದ ನಮ್ಮ ವಾಡಿಯಲ್ಲಿ ಆಗ ಚಹಾ ಮಾರುವವನನ್ನು ಕೇಳಿದರೂ ಥಟ್ಟನೆ ಹೇಳುತ್ತಿದ್ದ: ಪರವಾನಗಿ ಇಲ್ಲದೆ ಹಡಗು ಹತ್ತಿಸುವುದಿಲ್ಲ, ಮಳೆಗಾಲದಲ್ಲಿ ಹೋಗಬಾರದು, ತೆಂಗಿನ ಮರದ ಕೆಳಗೆ ಮಲಗಬಾರದು. ಹೇಳಿದವನು ಸಮುದ್ರವನ್ನು ಚಿತ್ರದಲ್ಲಿ ಕೂಡ ನೋಡಿರುತ್ತಿರಲಿಲ್ಲ. ಇದೆಲ್ಲ ನಮ್ಮ ಕಾಕಾನ ಪ್ರಸಾದ.

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಹವಾಮಾನ ನೋಡುವ ಸರಕಾರಿ ನೌಕರಿ. ದಿನಾ ಮಳೆ ಅಳೆಯುವುದು, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನೋಡುವುದು, ಅದನ್ನು ತಂತಿಯಲ್ಲಿ ತಿಳಿಸುವುದು. ಮಳೆಗೆ ಬಾಯಿ ಬಿಟ್ಟುಕೊಂಡು ಕೂರುವ ನಮ್ಮ ಸೀಮೆಯವನನ್ನೇ ಹುಡುಕಿ ಆ ಕೆಲಸಕ್ಕೆ ಹಾಕಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಅವನನ್ನು ಲಕ್ಷದ್ವೀಪದ ಒಂದು ಸಣ್ಣ ನಡುಗಡ್ಡೆಗೆ ಕಳಿಸಿದರು. ಬೇರೆಯವರು ಅಲ್ಲಿಗೆ ವರ್ಗವಾದರೆ ಕಾಯಿಲೆಯ ಸರ್ಟಿಫಿಕೇಟು ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದರು. ಕಾಕಾ ತಪ್ಪಿಸಿಕೊಳ್ಳಲಿಲ್ಲ, ಹೀಗಾಗಿ ಇಲಾಖೆ ಅವನನ್ನು ಅಲ್ಲಿಯೇ ಮರೆತುಬಿಟ್ಟಿತು. ಹೋಗುವಾಗ ಮೈಸೂರು ರಾಜ್ಯದವನಾಗಿ ಹೋದವನು ಬರುವಾಗ ಕರ್ನಾಟಕದವನಾಗಿ ಬಂದ. ಕಣ್ಣು ಮಂಜಾಗಿ, ಮಳೆಮಾಪಕದ ಗೆರೆಗಳು ಕಾಣದಂತಾದಾಗ ಪಿಂಚಣಿ ಕೊಟ್ಟು ಕಳಿಸಿದ್ದರು.

ಮದುವೆ ಆಗಿರಲಿಲ್ಲ. ಪ್ರಯತ್ನ ನಡೆದಿರಲಿಲ್ಲವೆಂದಲ್ಲ. ರಜೆಯಲ್ಲಿ ಬಂದಾಗ ನಮ್ಮಜ್ಜಿ ಸೇಡಂ ಕಡೆಯ ಒಂದು ಹೆಣ್ಣು ನೋಡಿದ್ದಳು. ಎಲ್ಲ ಕೂಡಿ ಬಂದಿತ್ತು. ಹುಡುಗಿಯ ತಂದೆ, "ನೌಕರಿ ಯಾ ಊರಾಗ?" ಎಂದು ಕೇಳಿದ.

"ಊರಂದ್ರ ಸಮುದ್ರದಾಗ ಅದರಿ," ಎಂದ ಕಾಕಾ.

"ಸಮುದ್ರದ ಬಾಜೂಕೇನು?"

"ಬಾಜೂಕಲ್ಲರಿ, ನಟ್ಟನಡುವ."

ಆತ, "ತಮ್ಮಾ, ನಾ ಹೆಣ್ಣು ಮನುಷ್ಯಾರಿಗಿ ಕೊಡಬೇಕಂತ ಮಾಡೀನಿ, ಮೀನಿಗಲ್ಲ," ಎಂದು ಎದ್ದು ಹೋದನಂತೆ. ಈ ಕತೆಯನ್ನು ಹೇಳಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕಾಕಾನೇ. ನಕ್ಕಾದ ಮೇಲೆ ಮಾತ್ರ ಅವನ ಕೈ ಸುಮ್ಮನೆ ಮಂಡಿ ಒತ್ತುತ್ತಿರುತ್ತಿತ್ತು.

ಪಿಂಚಣಿ ಬಂದ ಮೇಲೆ ವಾಡಿಯಲ್ಲಿ ಸ್ಟೇಷನ್ನಿನ ಹಿಂದೆ ಒಂದು ಕೋಣೆಯ ಮನೆ ಹಿಡಿದ. ಚಿತ್ತಾಪುರದಲ್ಲಿ ನಮ್ಮ ಜೊತೆಗೇ ಇರೆಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. "ಅಲ್ಲಿ ರೈಲು ಕಡಿಮಿ," ಎಂದ. ರೈಲಿನಿಂದ ಇವನಿಗೇನು? ಆಮೇಲೆ ತಿಳಿಯಿತು. ವಾಡಿ ಎಂದರೆ ಜಂಕ್ಷನ್. ಮದರಾಸಿನ ಕಡೆಯವರು, ಹೈದರಾಬಾದಿನ ಕಡೆಯವರು, ಬೊಂಬಾಯಿಯ ಕಡೆಯವರು ಇಳಿದು ಇನ್ನೊಂದು ಗಾಡಿಗೆ ಕಾಯುತ್ತ ಕೂರುವ ಜಾಗ. ಅಷ್ಟು ಜನರಲ್ಲಿ ಒಬ್ಬನಾದರೂ ಲಕ್ಷದ್ವೀಪಕ್ಕೆ ಹೊರಟಿರುವುದಿಲ್ಲವೆ? ಇದು ಕಾಕಾನ ಲೆಕ್ಕಾಚಾರ. ದಿನಾ ಸ್ನಾನ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಡ್ಯೂಟಿಗೆ ಹೋಗುವವನಂತೆ ಪ್ಲಾಟ್‌ಫಾರ್ಮಿಗೆ ಹೋಗಿ ಕೂರುತ್ತಿದ್ದ.

ಒಮ್ಮೆ ನಾನೂ ಜೊತೆಗಿದ್ದೆ. ಭಂಕೂರಿನ ಕಲ್ಲುಗಣಿಯವನೊಬ್ಬ ಬೀಡಿ ಸೇದುತ್ತ ಕೂತಿದ್ದ. ಕಾಕಾ ಪಕ್ಕಕ್ಕೆ ಸರಿದು ಶುರು ಮಾಡಿದ.

"ನೀರಿಗಿ ಬರಿಗಾಲಲೆ ಇಳೀಬ್ಯಾಡ್ರಿ. ಹವಳದ ಕಲ್ಲು ಕೊಯ್ದ್ರ ಗಾಯ ಲಗೂ ಮಾಯಂಗಿಲ್ಲ. ಒಳಗಿನ ನೀರು ಹಸರು, ಶಾಂತ ಇರ್ತದ. ಹವಳದ ಬಂಡೆಗಲ್ಲಿನ ಸಾಲು ದಾಟಿ ಆಚೀಗಿ ಮಾತ್ರ ಹೋಗಬ್ಯಾಡ್ರಿ, ಎಳಕೊಂಡು ಹೋಗ್ತದ."

ಆತ ಬೀಡಿ ಕೆಳಗಿಳಿಸಿದ. "ನಾ ಸೊಲ್ಲಾಪುರಕ್ಕ ಹೊಂಟೀನ್ರಿ. ಚಾದರ ತರಲಿಕ್ಕ."

"ಇರಲ್ರಿ. ಮುಂದ ಎಂದರ ಹೋದ್ರಿ ಅಂದ್ರ?"

ಇನ್ನೊಮ್ಮೆ ಹಿರಿಯ ಸ್ವಾಮಿಗಳೊಬ್ಬರು ಶಿಷ್ಯರೊಡನೆ ಗಾಡಿಗೆ ಕಾಯುತ್ತಿದ್ದರು. ಕಾಕಾ ಕಾಲಿಗೆರಗಿ, ಎದ್ದು ಕೈ ಕಟ್ಟಿ ನಿಂತು, "ಬುದ್ಧೀ, ಅಲ್ಲಿಗಿ ದಾರು ಒಯ್ಯಂಗಿಲ್ಲರಿ. ಚೀಲ ಬಿಚ್ಚಿ ನೋಡ್ತಾರ," ಎಂದುಬಿಟ್ಟ. ಶಿಷ್ಯರಿಗೆ ಉಸಿರೇ ನಿಂತಿತು. ಸ್ವಾಮಿಗಳು ನಗುತ್ತ, "ಆಗಲಪ್ಪ, ನಾವು ಒಯ್ಯಂಗಿಲ್ಲ," ಎಂದರು.

ಇಷ್ಟಾದ ಮೇಲೆ ಕಾಕಾನನ್ನು ಕಂಡರೆ ಜನ ದಾರಿ ಬದಲಿಸುವುದರಲ್ಲಿ ಆಶ್ಚರ್ಯವೇನು? ಮದುವೆ ಪಂಕ್ತಿಯಲ್ಲಿ ಅವನ ಎಡಬಲದ ಎಲೆಗಳು ಖಾಲಿ ಇರುತ್ತಿದ್ದವು. ಶಹಾಬಾದದ ನಮ್ಮ ಅತ್ತೆ ಅವನ ದನಿ ಕೇಳಿದೊಡನೆ ಅಡುಗೆಮನೆ ಸೇರಿ ಪಾತ್ರೆ ಸಪ್ಪಳ ಮಾಡುತ್ತಿದ್ದಳು. ಗಾಡಿ ಹೊರಟ ಮೇಲೆ ಖಾಲಿಯಾದ ಪ್ಲಾಟ್‌ಫಾರ್ಮಿನಲ್ಲಿ, ಬಿಸಿಲು ಕಾಲಿನತನಕ ಬಂದರೂ ಏಳದೆ ಅವನು ಕೂತಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆಗ ಅವನ ತುಟಿಗಳು ಅಲುಗುತ್ತಿರುತ್ತಿದ್ದವು. ಯಾವ ಭಾಷೆಯೋ, ನಮ್ಮದಂತೂ ಅಲ್ಲ.

ಹೀಗಿರುವಾಗ ನಾನು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದೆ. ಎಲ್ಲೆಲ್ಲಿಗೋ ಅರ್ಜಿ ಹಾಕಿದ್ದೆ. ಮೊದಲು ಬಂದ ಆರ್ಡರು ಯಾವುದು ಹೇಳಿ? ಲಕ್ಷದ್ವೀಪದ ಆಸ್ಪತ್ರೆಯದು! ಅದೂ ಕಾಕಾ ಇದ್ದ ಅದೇ ನಡುಗಡ್ಡೆ. ಅವ್ವ ಅಳಲು ಕೂತಳು. ಅಪ್ಪ ಕಾಕಾನಿಗೆ ಸುದ್ದಿ ಮುಟ್ಟಿಸಬಾರದೆಂದು ಎಲ್ಲರಿಗೂ ತಾಕೀತು ಮಾಡಿದ. ಮರುದಿನ ಮೊದಲ ಗಾಡಿಗೇ ಕಾಕಾ ಚಿತ್ತಾಪುರಕ್ಕೆ ಬಂದಿಳಿದಿದ್ದ.

ಬಂದವನೇ ನಮ್ಮ ಅಂಗಳದಲ್ಲಿದ್ದ ಎತ್ತಿಲ್ಲದ ಚಕ್ಕಡಿಯನ್ನು ಕಟ್ಟೆಯ ಪಕ್ಕಕ್ಕೆ ಎಳೆದ. ಹಡಗು ಅಲ್ಲಿ ದಂಡೆಯತನಕ ಹೋಗುವುದಿಲ್ಲವಂತೆ. ದೂರದಲ್ಲೇ ನಿಲ್ಲುತ್ತದೆ, ಹಗ್ಗದ ಏಣಿ ಇಳಿದು ಸಣ್ಣ ದೋಣಿಗೆ ಹೆಜ್ಜೆ ಇಡಬೇಕು. ಕಟ್ಟೆ ಎಂದರೆ ಹಡಗು, ಚಕ್ಕಡಿ ಎಂದರೆ ದೋಣಿ, ಚಕ್ಕಡಿಯ ಮೂಕಿ ಹಿಡಿದು ಮೇಲೆ ಕೆಳಗೆ ಜಗ್ಗುವ ಕಾಕಾ ಎಂದರೆ ಅರಬ್ಬಿ ಸಮುದ್ರ.

"ದೋಣಿ ಮ್ಯಾಲೆ ಬರ್ಲಿಕತ್ತಾಗ ಕಾಲಿಡಬೇಕವ್ವ. ಕೆಳಗ ಹೋಗಲಿಕತ್ತಾಗ ಇಟ್ಟಿ ಅಂದ್ರ ನಡುವ ಬೀಳ್ತಿ. ಈಗ ಬ್ಯಾಡ... ಈಗ ಬ್ಯಾಡ... ಹಾಂ, ಈಗ."

ನಾನು ಸೀರೆ ಎತ್ತಿ ಕಟ್ಟಿ ಹಾರಿದೆ. ಮತ್ತೆ ಹತ್ತಿ ಮತ್ತೆ ಹಾರಿದೆ. ಓಣಿಯ ಹೆಂಗಸರು ಸೇರಿದರು. "ಪೋರಿಗಿ ಏನಾಗ್ಯಾದ? ದೆವ್ವ ಬಿಡಸ್ಲಿಕತ್ತಾರೇನು?" ಎಂದು ಒಬ್ಬಳು ಅವ್ವನನ್ನು ಕೇಳಿದಳು. ಅವ್ವ, "ಪೋರಿಗೇನಾಗಿಲ್ಲ, ಬಿಡಸಬೇಕಾಗಿದ್ದು ಮೈದುನಗ," ಎಂದಳು. ನಾನೊಮ್ಮೆಯೂ ಬೀಳಲಿಲ್ಲ. ಹೇಗೆ ಬೀಳಬಾರದೆಂದು ತೋರಿಸಲು ಹೋದ ಸಮುದ್ರವೇ ಕಾಲು ಉಳುಕಿಸಿಕೊಂಡಿತು.

ಕುಂಟುತ್ತಲೇ ನನ್ನನ್ನು ಪೊಲೀಸ್ ಠಾಣೆಗೆ ಕರೆದೊಯ್ದ. ಪರವಾನಗಿಗೆ ನಮ್ಮೂರ ಠಾಣೆಯಿಂದ ನಡತೆಯ ಚೀಟಿ ಬೇಕಿತ್ತು. ಜಮಾದಾರ ಕನ್ನಡಕ ಏರಿಸಿ ಕೇಳಿದ: "ಲಕ್ಷದ್ವೀಪ ಅಂದ್ರ ಯಾ ತಾಲೂಕಾ? ಚಿಂಚೋಳಿ ಆಚೀಕೇನು?"

"ಚಿಂಚೋಳಿ ಆಚೀಕ ಭಾಳ ದೂರರಿ. ನೀರು ದಾಟಬೇಕು."

"ನೀರು ದಾಟಿ ಹೋಗೋರ್ದು ನಡತಿ ನಾವ್ಯಾಕ ಬರೀಬೇಕು? ಅಲ್ಲಿ ಮಂದಿ ಏನು ಭಾಳ ಶಾಣ್ಯಾರೇನು?"

"ಠಾಣ್ಯಾಕ ಕೆಲಸ ಇಲ್ಲದಷ್ಟು ಶಾಣ್ಯಾರರಿ," ಎಂದ ಕಾಕಾ. ಚೀಟಿ ಸಿಕ್ಕಿತು, ಆದರೆ ಜಮಾದಾರನ ಮುಖ ಹುಳ್ಳಗಾಗಿತ್ತು.

ಠಾಣೆಯಿಂದ ಬರುವಾಗ ನಾನು ಸಹಜವಾಗಿ ಕೇಳಿದೆ: "ಕಾಕಾ, ನೀನೂ ಬಂದುಬಿಡು. ಒಂದು ತಿಂಗಳು ಇದ್ದು ಬರುವಿಯಂತ."

ಅವನು ಬೇವಿನ ಗಿಡದ ನೆರಳಿಗೆ ನಿಂತ. "ಪರವಾನಗಿ ಎರಡು ಸಲ ಕೇಳಿದೆನವ್ವ. ಯಾತಕ್ಕ ಹೋಗ್ತಿ ಅಂತ ಕಾರಣ ಕೇಳ್ತಾರ. ನೌಕರಿ ಮುಗದದ. ವ್ಯಾಪಾರ ಇಲ್ಲ, ನೆಂಟರಿಲ್ಲ. ಮಂದೀನ್ನ ನೋಡಬೇಕನಸ್ತದ ಅಂದ್ರ, ಅದು ಕಾರಣ ಅಲ್ಲ ಅಂದ್ರು." ಆಮೇಲೆ ಒಮ್ಮೆಲೆ ದನಿ ಬದಲಿಸಿ, "ಕುಡಿಯೋ ನೀರು ಚೆಲ್ಲಬ್ಯಾಡ ಮತ್ತ. ಅಲ್ಲಿ ಬಾವ್ಯಾಗ ಉಪ್ಪುನೀರಿನ ಮ್ಯಾಲೆ ಸಿಹಿನೀರು ತೆಳ್ಳಗ ಇರ್ತದ," ಎಂದು ನಡೆದ.

ವಾಡಿಯಲ್ಲಿ ನನ್ನನ್ನು ಗಾಡಿ ಹತ್ತಿಸುವಾಗಲೂ ಕಿಟಕಿಯಲ್ಲಿ ತಲೆ ಹಾಕಿ ಹೇಳುತ್ತಲೇ ಇದ್ದ. ಗಾಡಿ ಸರಿದ ಮೇಲೂ ಹೇಳುತ್ತಿದ್ದ. ಕೊನೆಗೆ ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ಕಲ್ಲಿಕೋಟೆಯಿಂದ ಹಡಗು. ದಾರಿಯುದ್ದಕ್ಕೂ ವಾಂತಿ. ಇಳಿಯುವಾಗ ಕೆಳಗಿನ ದೋಣಿ ನಮ್ಮ ಚಕ್ಕಡಿಗಿಂತ ಕೆಟ್ಟದಾಗಿ ಕುಣಿಯುತ್ತಿತ್ತು. ಆದರೂ ಸರಿಯಾದ ಹೊತ್ತಿಗೆ ಕಾಲಿಟ್ಟೆ. ನನ್ನ ಜೊತೆ ಬಂದಿದ್ದ ಡಾಕ್ಟರು ಇಡಲಿಲ್ಲ. ಅವರನ್ನು ನೀರಿನಿಂದ ಎತ್ತಬೇಕಾಯಿತು.

ದಂಡೆಯಲ್ಲಿ ಬಿಳಿಯ ಮರಳು, ತೆಂಗು, ನಾಲ್ಕಾರು ಜನ. ಒಬ್ಬರ ಮಾತೂ ತಿಳಿಯದು. ಚಿತ್ತಾಪುರದ ಹುಡುಗಿ ಪೆಟ್ಟಿಗೆ ಹಿಡಿದು ನಿಂತಿದ್ದೇನೆ. ಅಷ್ಟರಲ್ಲಿ ಲುಂಗಿ ಉಟ್ಟ, ಬೆಳ್ಳನೆಯ ಗಡ್ಡದ ಮುದುಕನೊಬ್ಬ ಮುಂದೆ ಬಂದು, ಡಾಕ್ಟರಿಗೂ ನನಗೂ ಕೇಳುವಂತೆ ನಿಧಾನವಾಗಿ ಹೇಳಿದ:

"ಬರ್ರಿ. ಕುಂದ್ರಿ. ಭಾಳ ತ್ರಾಸ ಆಯ್ತೇನ್ರಿ?"

ನನ್ನ ಪೆಟ್ಟಿಗೆ ಮರಳಿಗೆ ಬಿತ್ತು. ಅರಬ್ಬಿ ಸಮುದ್ರದ ನಡುವೆ ಯಾರಾದರೂ ವಾಡಿಯ ಮಾತನಾಡಿದರೆ ನೀವೇನು ಮಾಡುತ್ತಿದ್ದಿರಿ?

ಅವನ ಹೆಸರು ಕೋಯಾ. ದೋಣಿ ನಡೆಸುವವನು. ಹಡಗಿನಲ್ಲಿ ಯಾರು ಬರುತ್ತಾರೆಂದು ಮೊದಲೇ ತಿಳಿದು, ಚಿತ್ತಾಪುರ ಎಂಬ ಹೆಸರು ಕೇಳಿ ಬಂದಿದ್ದ. ಕನ್ನಡ ಎಲ್ಲಿ ಕಲಿತಿರಿ ಎಂದೆ. "ಮಳೀ ಅಳ್ಯೋ ಸಾಹೇಬ್ರು ಕಲಸಿದ್ರು," ಎಂದ. ಆಮೇಲೆ ತಾನೇ ಶುರು ಮಾಡಿದ.

"ಮದರಾಸಿನಾಗ ಬೊಂಬಾಯಿ ಗಾಡಿ ಹತ್ತಬೇಕು. ರಾಯಚೂರ ಆದ ಮ್ಯಾಲೆ ಮಲಗಬಾರದು. ವಾಡ್ಯಾಗ ಇಳೀಬೇಕು. ಶಹಾಬಾದ ಬಂತಂದ್ರ ದಾಟಿ ಹೋದಂಗ. ಬ್ಯಾಸಗ್ಯಾಗ ಕಿಸೇದಾಗ ಉಳ್ಳಾಗಡ್ಡಿ ಇಟ್ಕೋಬೇಕು, ಝಳ ಬಡಿಯಂಗಿಲ್ಲ. ಕಲ್ಲು ಎತ್ತೋದಕಿಂತ ಮೊದಲು ಕಾಲಲೆ ಹೊರಳಿಸಿ ನೋಡ್ಬೇಕು, ಚೇಳು ಇರ್ತದ. ಮಳಿ ಬಂದ್ರ ಕರೀ ಮಣ್ಣಾಗ ಚಪ್ಪಲ್ ಹಾಕ್ಬಾರ್ದು, ಮಣ್ಣು ತಗೊಂಡು ಹೋಗ್ತದ."

ಸುತ್ತ ನಿಂತಿದ್ದ ಹುಡುಗರು ನಕ್ಕರು. ಅವರಿಗೂ ಇದೆಲ್ಲ ಬಾಯಿಪಾಠವಂತೆ! ಕಾಕಾ ಅಲ್ಲಿದ್ದಷ್ಟು ವರ್ಷ ದಿನಾ ಸಂಜೆ ದೋಣಿಗಳ ಹತ್ತಿರ ಬಂದು ಕೂತು, ಸಿಕ್ಕವರಿಗೆಲ್ಲ ನಮ್ಮ ಸೀಮೆಗೆ ಬರುವ ದಾರಿ, ಅಲ್ಲಿ ವಹಿಸಬೇಕಾದ ಎಚ್ಚರಿಕೆ ಹೇಳುತ್ತಿದ್ದನಂತೆ. ಅವನನ್ನು ಕಂಡರೆ ಅಲ್ಲಿಯೂ ಜನ ಬಲೆ ಹೊತ್ತು ಬೇರೆ ದಾರಿ ಹಿಡಿಯುತ್ತಿದ್ದರಂತೆ. ಕೋಯಾ ಒಬ್ಬನೇ ಕೂತು ಕೇಳುತ್ತಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಸಂಜೆಗೆ ಅವನಿಗೂ ಮಾತು ಬೇಕಿತ್ತು.

"ನಿಮ್ಮ ಊರಿಗಿ ಬರ್ಲಿಕ್ಕ ಯಾರ ಪರವಾನಗಿ ಬೇಕು?" ಎಂದು ಕೋಯಾ ಒಂದು ದಿನ ಆಸ್ಪತ್ರೆಗೆ ಬಂದು ಕೇಳಿದ.

"ಯಾರದೂ ಬೇಡ."

"ಹಂಗಾದ್ರ ಸಾಹೇಬ್ರ ಮನಿಗಿ ದಿನಾ ಮಂದಿ ಬರ್ತಾರೇನು?"

ನಾನು ಥರ್ಮಾಮೀಟರು ಜಾಡಿಸುತ್ತ ನಿಂತೆ.

ಮುಂದಿನ ಏಪ್ರಿಲಿನಲ್ಲಿ, ಮಳೆಗಾಲಕ್ಕೆ ಹಡಗು ನಿಲ್ಲುವ ಮೊದಲು, ರಜೆಗೆ ಊರಿಗೆ ಹೊರಟೆ. ಕೋಯಾ ಜೊತೆಗೆ ಬಂದ. ಎರಡೂ ಕಿಸೆಯಲ್ಲಿ ಒಂದೊಂದು ಉಳ್ಳಾಗಡ್ಡಿ. ರಾಯಚೂರಿನಿಂದ ಮುಂದೆ ಅವನು ಕೂರಲೂ ಇಲ್ಲ, ಬಾಗಿಲಲ್ಲೇ ನಿಂತಿದ್ದ.

ಮೊದಲೇ ಕಾಗದ ಬರೆದಿದ್ದೆ; ವಾಡಿಯಲ್ಲಿ ಕಾಕಾ ಹೊಸ ಧೋತರ ಉಟ್ಟು ಕಾದಿದ್ದ. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಒಬ್ಬರ ತಲೆಯನ್ನೊಬ್ಬರು ನೋಡಿಕೊಂಡರು. "ಕೂದಲು ಪೂರಾ ಹೋಗ್ಯಾವಲ್ಲೋ," ಎಂದ ಕಾಕಾ. "ನಿಮ್ಮವು ಏನು ಭಾಳ ಉಳದಾವ್ರಿ?" ಎಂದ ಕೋಯಾ.

ಮನೆಯಲ್ಲಿ ಕಾಕಾ ಪಕ್ಕದ ಮನೆಯ ಮುಸ್ಲಿಂ ಚಾಚಾನನ್ನು ಕೇಳಿ, ನಮಾಜಿನ ದಿಕ್ಕು ತಿಳಿದುಕೊಂಡು ಹೊಸ ಚಾಪೆ ಹಾಸಿಟ್ಟಿದ್ದ. ಜೋಳದ ರೊಟ್ಟಿ, ಬದನೆಕಾಯಿ ತಾನೇ ಮಾಡಿದ್ದ. ರೊಟ್ಟಿ ಅಲ್ಲಲ್ಲಿ ಕರಕಾಗಿತ್ತು. ಉಂಡ ಮೇಲೆ ಕೋಯಾ ಹಾಸುಗೆ ಬೇಡವೆಂದು ತಣ್ಣಗಿನ ಶಹಾಬಾದ ಕಲ್ಲಿನ ನೆಲಕ್ಕೆ ಬರಿಮೈ ಚಾಚಿದ. ಇಷ್ಟು ದೊಡ್ಡ ಕಲ್ಲನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅಂಗೈಯಿಂದ ಸವರಿ ಸವರಿ ಹಾಗೆಯೇ ನಿದ್ದೆ ಹೋದ.

ನಾನು ಪಾತ್ರೆ ಎತ್ತಿಡಲು ಎದ್ದೆ. ಹೊರಗೆ ಬಿಸಿಲು ಉರಿಯುತ್ತಿತ್ತು. ಬೊಂಬಾಯಿ ಕಡೆಯ ಗಾಡಿ ಬಂದು ನಿಂತ ಸದ್ದು ಕೇಳಿಸಿತು. ಕಾಕಾ ಸ್ಟೇಷನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ಗೆಳೆಯನ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದ. ನನ್ನ ಕೈಯ ತಟ್ಟೆ ಸಣ್ಣಗೆ ಸದ್ದು ಮಾಡಿದ್ದಕ್ಕೆ ಬೆರಳು ತುಟಿಗಿಟ್ಟ.

"ಸಪ್ಪಳ ಮಾಡಬ್ಯಾಡವ್ವ," ಎಂದ ಪಿಸುದನಿಯಲ್ಲಿ. "ನಮ್ಮ ಮನಿಗಿ ಮಂದಿ ಬಂದಾರ."