ಕಿರಾಣಿ ಅಂಗಡಿಯ ಹಿಂದಿನ ವಿಧಾನಸಭೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಿರಾಣಿ ಅಂಗಡಿಯ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ತಲೆ ಕೆಡಿಸಿದವನು ನಾನೇ. ಮರಾಠಿ ರಾಜ್ಯದಲ್ಲಿರುವ ನಮ್ಮ ಕನ್ನಡದ ಊರು ಕುಣಿಕೋಣೂರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಹಾಗಾಗಿ ಮುಚ್ಚಿಟ್ಟು ಉಪಯೋಗವಿಲ್ಲ. ಹೋದ ಸಲದ ವಿಧಾನಸಭೆ ಆಗಷ್ಟೇ ಕೂಡಿತ್ತು. ಕಾಕಾ ಹೊಸ ಮೊಬೈಲು ತಂದು, ದಾಳಿಂಬೆಯ ದರ ನೋಡುವುದು ಹೇಗೆಂದು ಕಲಿಸಲು ಕೇಳಿದ. ನಾನು ದಾಳಿಂಬೆ ಬಿಟ್ಟು ಮುಂಬೈ ಅಧಿವೇಶನದ ನೇರ ಪ್ರಸಾರ ಹಚ್ಚಿಕೊಟ್ಟೆ. ಕಾರಣ ಸ್ವಾರ್ಥದ್ದು. ಮಂದಿಯ ದನಿ ಅಣಕಿಸುವುದು ನನ್ನ ಕಸುಬು. ಜತ್ತದ ಕಾಲೇಜಿನ ಗ್ಯಾದರಿಂಗಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಹೊರಡುವುದನ್ನು ಕೂಗುವವರವರೆಗೆ ಯಾರನ್ನೂ ಬಿಟ್ಟವನಲ್ಲ. ನನ್ನದೇ ದನಿಯಲ್ಲಿ ಮಾತಾಡು ಎಂದರೆ ಮಾತ್ರ ಮತ್ತೊಬ್ಬರ ದನಿ ಹುಡುಕುತ್ತೇನೆ, ಆ ಮಾತು ಬೇರೆ. ಹೊಸ ಆಮದಾರರ, ಅಂದರೆ ಶಾಸಕರ, ದನಿ ಕಲಿಯಬೇಕಾಗಿತ್ತು. ನನ್ನ ಮೊಬೈಲಿನ ಡೇಟಾ ಮುಗಿದಿತ್ತು.

ನಾನು ಸ್ವಲ್ಪ ಹೊತ್ತು ನೋಡಿ, ಎರಡು ದನಿ ಹಿಡಿದುಕೊಂಡು ಎದ್ದೆ. ಕಾಕಾ ಏಳಲಿಲ್ಲ. ಐದು ವರ್ಷ ಏಳಲೇ ಇಲ್ಲ ಅನ್ನಿ!

ಯಾವ ಮತಕ್ಷೇತ್ರದವರು ಯಾವ ಬೆಂಚಿನವರು, ಯಾರು ಯಾವಾಗ ಎದ್ದು ಎದುರಿನ ಬೆಂಚಿಗೆ ಹೋದರು, ಎಲ್ಲವೂ ಕಾಕಾನಿಗೆ ಬಾಯಿಪಾಠ. ಸಕ್ಕರೆ ತೂಗುವಾಗಲೂ ಕಣ್ಣು ಮೊಬೈಲಿನ ಮೇಲೆ. ಗಿರಾಕಿಗಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ಅಧಿವೇಶನ ಇದ್ದಾಗಲೇ ಸಕ್ಕರೆ ಒಯ್ಯಬೇಕೆಂದು ಊರಿಗೆ ಊರೇ ಕಲಿತುಕೊಂಡಿತು.

ಆದರೆ ಕಾಕಾನ ಜೀವ ಇದ್ದದ್ದು ಭಾಷಣ ಹೊಡೆಯುವವರ ಮೇಲಲ್ಲ. ಹಿಂದಿನ ಬೆಂಚಿನ ಮೂಲೆಯಲ್ಲಿ ಒಬ್ಬ ಸದಸ್ಯ ಕೂಡುತ್ತಿದ್ದ. ತುಟಿ ಬಿಚ್ಚಿದವನಲ್ಲ. ಕ್ಯಾಮೆರಾ ಆ ಕಡೆ ಹೊರಳಿದರೆ ಸಾಕು, ಕಾಕಾ ತಕ್ಕಡಿ ಬಿಟ್ಟು ಬಾಗುತ್ತಿದ್ದ.

"ಇವತ್ತ ಏಳ್ತಾನ ನೋಡ."

ಒಮ್ಮೆ ಆತ ಎದ್ದೇಬಿಟ್ಟ. ಕಾಕಾ ಚಪ್ಪಾಳೆ ಹೊಡೆದ. ಆತ ಪಂಚೆ ಸರಿಮಾಡಿಕೊಂಡು ಹೊರಗೆ ಹೋದ, ಬಹುಶಃ ಚಹಾಕ್ಕೆ. ಈ ದೃಶ್ಯವನ್ನು ನಾನು ತಾಲೂಕಿನಲ್ಲೆಲ್ಲ ಅಭಿನಯಿಸಿ ತೋರಿಸಿದ್ದೇನೆ. ಕಾಕಾನ ಚಪ್ಪಾಳೆಗೆ ಬಿದ್ದಷ್ಟು ನಗು ನನಗೆ ಇನ್ಯಾವುದಕ್ಕೂ ಬಿದ್ದಿಲ್ಲ.

ನೋಡುವುದರಲ್ಲೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆ ಮಳೆಗಾಲಕ್ಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಕಾನ ಸ್ವಂತ ವಿಧಾನಸಭೆ ಶುರುವಾಯಿತು. ಕಾಕಾ ಮುಖ್ಯಮಂತ್ರಿ. ಕಾಕಿ ಅರ್ಥಮಂತ್ರಿ, ಆ ಖಾತೆ ಮದುವೆಯಾದ ದಿನದಿಂದ ಆಕೆಯ ಬಳಿಯೇ ಇತ್ತು. ಅಧ್ಯಕ್ಷರ ಕುರ್ಚಿಯಲ್ಲಿ ಆಯಿ, ಅಂದರೆ ನಮ್ಮಜ್ಜಿ. ಆಕೆಗೆ ಬೇಕಾದದ್ದು ಮಾತ್ರ ಕೇಳಿಸುವ ಕಿವಿ, ಅಧ್ಯಕ್ಷರಿಗೆ ಇದಕ್ಕಿಂತ ಹೆಚ್ಚಿನ ಅರ್ಹತೆ ಯಾವುದು? ಮುಂಬೈ ಅಧ್ಯಕ್ಷರು ಗದ್ದಲ ಮಾಡಿದವರಿಗೆಲ್ಲ "ಖಾಲೀ ಬಸಾ" ಎನ್ನುವುದನ್ನು ಆಯಿ ಕೇಳಿ ಕಲಿತಿದ್ದಳು. ಕುಳಿತುಕೊಳ್ಳಿ ಎಂದಷ್ಟೇ ಅದರ ಅರ್ಥ. ಆಕೆ ಅದನ್ನು ಸದಸ್ಯರಿಗೂ ಹೇಳುತ್ತಿದ್ದಳು, ಕೋಣೆಗೆ ಬಂದ ಬೆಕ್ಕಿಗೂ ಹೇಳುತ್ತಿದ್ದಳು. ಬೆಕ್ಕು ಒಂದೇ ಪಾಲಿಸುತ್ತಿತ್ತು.

ಉಳಿದದ್ದು ವಿರೋಧ ಪಕ್ಷದ ನಾಯಕತ್ವ. ಅದನ್ನು ಕಾಕಾ ತನ್ನ ಮಗಳಿಗೆ, ನನ್ನ ತಂಗಿಗೆ, ಕೊಟ್ಟ. ಊರಿನ ಕನ್ನಡ ಸಾಲಿ ಮುಗಿಸಿ ಆಗಷ್ಟೇ ಜತ್ತದ ಮರಾಠಿ ಹೈಸ್ಕೂಲು ಸೇರಿದ್ದಳು. ಗೋಡೆಗೆ ಆನಿಕೊಂಡು ಕೂತರೆ ಗೋಡೆಯೇ ಮೊದಲು ಮಾತಾಡೀತು ಅನ್ನುವಂಥ ಹುಡುಗಿ. ನನಗೆ ಅನ್ಯಾಯ ಅನ್ನಿಸಿತು.

"ಕಾಕಾ, ಇಕಿ ಬಾಯಿ ಬಿಡೂದುಲ್ಲ. ನನ್ನ ಮಾಡು."

"ನೀ ಬಾಯಿ ಮುಚ್ಚೂದುಲ್ಲ. ಅದಕ್ಕ ನೀ ನಮ್ಮ ಪಕ್ಷದಾಗ ಇರು."

ನಿಯಮಗಳು ಬಿಗಿ. ಏನು ಬೇಕಾದರೂ ಎದ್ದು ನಿಂತು, ಆಯಿಯ ಕಡೆ ಮುಖ ಮಾಡಿ ಕೇಳಬೇಕು. ಒಂದು ದಿನ ಕನ್ನಡ, ಮರುದಿನ ಮರಾಠಿ. ತಂಗಿ ಮೊದಲ ಸಲ ಎದ್ದು ನಿಂತು ಮರಾಠಿಯಲ್ಲಿ ಉಪ್ಪಿನಕಾಯಿ ಎಲ್ಲಿ ಎಂದು ಕೇಳಿದಾಗ ಸರಕಾರ ಅನ್ನ ಆರುವವರೆಗೆ ಉತ್ತರ ಕೊಟ್ಟಿತು. ಉಪ್ಪಿನಕಾಯಿ ಮಾತ್ರ ಬರಲಿಲ್ಲ. ಹುಡುಗಿ ಮತ್ತೆ ಎದ್ದಳು. ಉತ್ತರ ಸರಿಯಿಲ್ಲ ಎಂದಳು. ಕಾಕಾ ಬೈಸಿಕೊಂಡವನ ಹಾಗೆ ಕಾಣಲಿಲ್ಲ, ಲಾಟರಿ ಹೊಡೆದವನ ಹಾಗೆ ಕಂಡ. ಎಂಥ ಮುಖ್ಯಮಂತ್ರಿ ಇವನು ಎಂದು ನಾನು ಅಂದೇ ಅಂದುಕೊಂಡೆ.

ಚಳಿಗಾಲ ಬಂತು. ನಿಮಗೆ ಗೊತ್ತಿರಬಹುದು, ನಮ್ಮ ರಾಜ್ಯದ ಚಳಿಗಾಲದ ಅಧಿವೇಶನ ಮುಂಬೈಯಲ್ಲಿ ನಡೆಯುವುದಿಲ್ಲ, ನಾಗಪುರಕ್ಕೆ ಹೋಗುತ್ತದೆ. ಕಾಕಾ ಬಿಡುತ್ತಾನೆಯೇ? ನಮ್ಮ ಸಭೆಯೂ ಹೊಲದ ವಸ್ತಿ ಮನೆಗೆ ಹೊರಟಿತು. ಆಯಿಯ ಕುರ್ಚಿ, ಆಯಿ, ಒಲೆ, ಪರಾತ, ಬೆಕ್ಕು, ಎಲ್ಲ ಟೆಂಪೋದಲ್ಲಿ. ಹೋಗಿ ಇಳಿದರೆ ಸುತ್ತ ತೊಗರಿ ಹೊಲ, ಎದುರಿಗೆ ಕುರಿಹಿಂಡು. ಒಲೆ ಹಚ್ಚುತ್ತ ಕಾಕಿ ತಲೆಯೆತ್ತದೆ ಹೇಳಿದಳು:

"ನಾಗಪುರಕ್ಕ ಹೋದವರು ಸಂತ್ರಾ ತಿಂತಾರ್ರಿ. ನಾವು ಇಲ್ಲಿ ತೊಗರಿ ಗಿಡಾ ತಿನ್ನೂಣೇನು?"

ಸರಕಾರ ಮರುದಿನವೇ ಜತ್ತದ ಬಾಜಾರಿನಿಂದ ಸಂತ್ರಾ, ಅಂದರೆ ಕಿತ್ತಳೆ, ತರಿಸಿತು. ಮುಂದಿನ ಚಳಿಗಾಲಗಳಲ್ಲಿ ಸಂತ್ರಾ ಇಲ್ಲದೆ ಕಲಾಪ ಶುರುವಾದದ್ದೇ ಇಲ್ಲ.

ಅವಧಿಯ ನಡುವೆ ಮುಂಬೈಯಲ್ಲಿ ಸದಸ್ಯರನ್ನು ಬಸ್ಸಿನಲ್ಲಿ ತುಂಬಿ ದೂರದ ಹೋಟೆಲುಗಳಲ್ಲಿ ಇಡುವ ಕಾಲವೂ ಬಂತಲ್ಲ? ಅದೇ ಹೊತ್ತಿಗೆ ನಮ್ಮಲ್ಲಿ ವಾಷಿಂಗ್ ಮಷೀನಿನ ಠರಾವು ಮತಕ್ಕೆ ಬಂದಿತ್ತು. ಮಂಡಿಸಿದವಳು ತಂಗಿ, ಕಾಕಿ ಮಂತ್ರಿಯಾಗಿದ್ದೂ ಆ ಕಡೆ ವಾಲಿದ್ದಳು. ಸರಕಾರಕ್ಕೆ ಉಳಿದದ್ದು ನಾನೊಬ್ಬ, ನಾನೋ ಒಂದು ಶೇಂಗಾ ಹೋಳಿಗೆಗೆ ಪಕ್ಷ ಬಿಡುವ ಮನುಷ್ಯ. ಕಾಕಾ ನನ್ನನ್ನು ಬೈಕಿನ ಮೇಲೆ ಕೂರಿಸಿ ದರಿಬಡಚಿಯ ಬೀಗರ ಮನೆಯಲ್ಲಿ ಇಟ್ಟು, ಮೊಬೈಲು ಕಸಿದುಕೊಂಡು ಬಂದ. ಅಲ್ಲಿ ಹೊತ್ತು ಹೊತ್ತಿಗೆ ಹೋಳಿಗೆ, ತುಪ್ಪ, ಹಾಸಿಗೆ. ಮತದಾನದ ದಿನ ನನ್ನನ್ನು ಕರೆತಂದು ಸಭೆಯಲ್ಲಿ ಕೂರಿಸಿದ. ಪರವಾಗಿರುವವರು ಎದ್ದು ನಿಲ್ಲಬೇಕು, ವಿರೋಧಿಸುವವರು ಆಮೇಲೆ. ನನ್ನ ಸರದಿ ಬಂದಾಗ ತಿಂದ ಹೋಳಿಗೆ ನನ್ನನ್ನು ಏಳಗೊಡಲಿಲ್ಲ. ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದೆನಂತೆ. ಸರಕಾರ ಮತದಲ್ಲಿ ಸೋತಿತು, ಮಷೀನು ಬಂತು. ಕಾಕಾ ಅದರ ಮುಂದೆ ನಿಂತು, ಇದು ತನ್ನ ಸರಕಾರದ ಸಾಧನೆಯೆಂದು ಓಣಿಯವರಿಗೆಲ್ಲ ತೋರಿಸಿದ.

ಹೀಗೆ ಐದು ವರ್ಷ ಕಳೆದವು. ಅಲ್ಲಿ ಅವಧಿ ಮುಗಿಯುತ್ತ ಬಂತು, ಇಲ್ಲಿ ತಂಗಿ ಹನ್ನೆರಡನೆಯದು ಪಾಸಾಗಿ, ಸಾಂಗ್ಲಿಯ ಕಾಲೇಜಿನಲ್ಲಿ ವಕೀಲಿ ಓದುವ ಪ್ರಶ್ನೆ ಎತ್ತಿದಳು. ಅದೂ ಐದು ವರ್ಷದ್ದು, ಒಂದು ಪೂರ್ಣ ಅವಧಿ! ಅಲ್ಲಿಯವರೆಗೆ ಉಪ್ಪಿನಕಾಯಿಗೂ ಅಷ್ಟೊತ್ತು ಉತ್ತರ ಕೊಟ್ಟ ಮುಖ್ಯಮಂತ್ರಿ ಈ ಪ್ರಶ್ನೆಗೆ ಒಂದೇ ಮಾತು ಹೇಳಿದ: "ಸಭಾ ತಹಕೂಬ." ಮುಂದೂಡಲಾಗಿದೆ ಎಂದರ್ಥ. ಒಂದು ದಿನ ಕರೆಂಟು ಹೋಗಿದೆ ಎಂದು, ಒಂದು ದಿನ ಗಿರಾಕಿ ಬಂದಿದ್ದಾರೆ ಎಂದು, ಒಂದು ದಿನ ಯಾವ ಕಾರಣವೂ ಇಲ್ಲದೆ. ಪ್ರವೇಶದ ಕೊನೆಯ ದಿನ ಹತ್ತಿರವಾಗುತ್ತಲೇ ಇತ್ತು.

ಮುಂಬೈಯ ಕೊನೆಯ ಅಧಿವೇಶನದ ಕೊನೆಯ ದಿನ ನಾನು ಅಂಗಡಿಯಲ್ಲೇ ಇದ್ದೆ. ಎಲ್ಲರೂ ಕೈಮುಗಿದು ಎದ್ದು ಹೋಗುತ್ತಿದ್ದರು. ಮೂಲೆಯ ಆ ಸದಸ್ಯನೂ ಹೋದ. ಮಾತಾಡಲೇ ಇಲ್ಲ. ಕಾಕಾ ಮುಖ ಸಪ್ಪಗೆ ಮಾಡಿಕೊಂಡು ಮೊಬೈಲು ಬೋರಲು ಹಾಕಿದ. ನಾನು ಒಳಗೆ ಹೋಗಿ ಕಾಕಿಯ ಮುಂದೆ ಕಾಕಾನ ಆ ಮುಖವನ್ನೇ ಅಣಕಿಸಿದೆ. ಕಾಕಿ ನಗಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದಳು: ಹೈಸ್ಕೂಲಿನ ಮೊದಲ ವಾರ ತಂಗಿ ಉತ್ತರ ಹೇಳಲು ಎದ್ದು ನಿಂತಾಗ ಮರಾಠಿಯ ನಡುವೆ ಕನ್ನಡ ಬಂದುಬಿಟ್ಟಿತ್ತಂತೆ. ವರ್ಗವೆಲ್ಲ ನಕ್ಕಿತಂತೆ. ಅಂದಿನಿಂದ ಹುಡುಗಿ ಸಾಲಿಯಲ್ಲಿ ಮಾತು ಬಿಟ್ಟಳು, ಆಮೇಲೆ ಮನೆಯಲ್ಲೂ. ಕಾಕಾ ಆ ಮೂಲೆಯ ಸದಸ್ಯನನ್ನು ನೋಡಿದ್ದು ಅದೇ ದಿನಗಳಲ್ಲಿ.

"ನಿನಗ ನಾಟಕಾ ಕಂಡತಿ, ತಮ್ಮಾ. ಅವರು ಕೂಸಿಗೆ ಮಾತ ಕಲಿಸಾಕತ್ತಿದ್ರು."

ನನ್ನ ಬಳಿ ಅಷ್ಟೊಂದು ದನಿಗಳಿದ್ದವು. ಎಲ್ಲವನ್ನೂ ಬದಿಗಿಟ್ಟು ಕಾಕಿಯ ಒಲೆಗೆ ಕಟ್ಟಿಗೆ ಒಟ್ಟಿದೆ.

ಮರುದಿನ ನಮ್ಮ ಸಭೆ ಕೂಡಿತು. ತಂಗಿ ಎದ್ದು ನಿಂತಳು. ಪ್ರವೇಶಕ್ಕೆ ನಾಳೆಯೇ ಕೊನೆ ಎಂದಳು. ಹಾಸ್ಟೆಲು, ಬಸ್ಸು, ಊಟ, ಒಂದೊಂದನ್ನೂ ಬಿಡಿಸಿಟ್ಟಳು, ಮರಾಠಿಯಲ್ಲಿ, ಎಲ್ಲೂ ತಡವರಿಸದೆ. ಕಾಕಾ ನೆಲ ನೋಡುತ್ತ ಕೇಳಿಸಿಕೊಂಡ. ಆಮೇಲೆ ಎದ್ದ. ಆ ದನಿಯನ್ನು ನಾನು ಇವತ್ತಿಗೂ ಅಣಕಿಸಲಾರೆ.

"ಅಧ್ಯಕ್ಷ ಮಹೋದಯ, ಅಲ್ಲಿ ಮಂದಿ ಮತ್ತ ನಕ್ಕರ?"

"ನಗಲಿ ಅಪ್ಪಾ," ತಂಗಿ ಕನ್ನಡಕ್ಕೆ ಬಂದಳು. "ನಕ್ಕ ಮುಗಿಸೂ ಮಟಾ ನಿಂತಿರತೀನಿ. ಆಮ್ಯಾಲ ಮುಂದಿಂದ ಹೇಳತೀನಿ."

ಕಾಕಾನ ಕಣ್ಣು ತುಂಬಿತ್ತು. ಮುಖ ತಿರುಗಿಸಿ, ಹಳೆಯ ರೂಢಿಯಂತೆ ಕೈಯೆತ್ತಿ, ಸಭಾ ತಹಕೂಬ ಎಂದ. ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಳೆಂದು ನಾವೆಲ್ಲ ತಿಳಿದಿದ್ದ ಆಯಿ ಕಣ್ಣು ತೆರೆದಳು.

"ಸಭಾ ಮುಗಸಾಕ ನೀ ಯಾರ? ಕುರ್ಚಿ ಮ್ಯಾಲ ನಾ ಕುಂತೀನಿ. ಕೂಸಿಗೆ ಎದ್ದ ನಿಂದ್ರಾಕ ಕಲಿಸಿದಾಂವ ನೀನ. ಅದು ನಿಂತತಿ. ಈಗ ನೀ ಖಾಲೀ ಬಸ."