ಮಾವನ ಕೈಗೆ ಪಳಗಿದ ಬುಲೆಟ್ಟು

ಅಳಿಯನ ಬುಲೆಟ್ಟನ್ನು ದಿನಾ ಓಡಿಸುತ್ತಿದ್ದೇನೆ ಎಂದು ತೋಟಪ್ಪ ಫೋನಿನಲ್ಲಿ ಹೇಳಿದ್ದು ಅಪ್ಪಟ ಸುಳ್ಳು. ಒಂದು ಸಲ ಬಾಯಿತಪ್ಪಿ ಬಂದದ್ದಾದರೆ ಹೋಗಲಿ ಎನ್ನಬಹುದಿತ್ತು. ಎರಡು ತಿಂಗಳಿಂದ ಅಳಿಯನ ಫೋನು ಬಂದಾಗಲೆಲ್ಲ ಹೀಗೇ ಹೇಳಿದ್ದ, ಅದೂ ಉಪ್ಪು ಖಾರ ಹಚ್ಚಿ. "ಇವತ್ತು ಡ್ಯಾಂ ತನಕ ಹೋಗಿ ಬಂದೆ ನೋಡ್ರಿ", "ಇವತ್ತು ಕಮಲಾಪುರ ಕೆರಿ ಏರಿಮ್ಯಾಲೆ ಮಸ್ತ್ ಹೋತು" ಎಂದೆಲ್ಲ. ಆ ಕರಿ ಬುಲೆಟ್ಟು ಮಾತ್ರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹಳೇ ಚಾದರ ಹೊದ್ದುಕೊಂಡು ನೆಮ್ಮದಿಯಾಗಿ ಮಲಗಿತ್ತು.

ಅಳಿಯ ರೇವಣಸಿದ್ದನಿಗೆ ದೋಣಿಮಲೈ ಗಣಿಯಲ್ಲಿ ಕೆಲಸ. ಕಂಪನಿಯವರು ಟ್ರೈನಿಂಗಿಗೆಂದು ದೂರದ ಊರಿಗೆ ಕಳಿಸಿದಾಗ ಹೆಂಡತಿ ಕಾವ್ಯಳನ್ನೂ ಗಾಡಿಯನ್ನೂ ಹೊಸಪೇಟೆಯ ಮಾವನ ಮನೆಯಲ್ಲಿ ಬಿಟ್ಟು ಹೋಗಿದ್ದ. "ಕಾವ್ಯಂದೇನು ಚಿಂತಿಲ್ಲ ಮಾವಾರ. ಗಾಡಿ ಮಾತ್ರ ದಿನಾ ಒಂದು ರೌಂಡು ಓಡಸ್ರಿ. ನಿಂತಲ್ಲೇ ನಿಂತ್ರ ಬ್ಯಾಟರಿ ಇಳೀತದ. ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ, ನೀವ ಓಡಸ್ರಿ" ಎಂದಿದ್ದ.

ಕಿರಾಣಿ ಅಂಗಡಿಯ ತೋಟಪ್ಪನಿಗೆ ಆ ಗಾಡಿ ಕಂಡರೆ ಎದೆ ಡವಡವ. ಹರೆಯದಲ್ಲಿ ಯಾರದೋ ಗೇರಿನ ಗಾಡಿ ಓಡಿಸಿ ಲೈಸೆನ್ಸು ಮಾಡಿಸಿಕೊಂಡದ್ದು ಬಿಟ್ಟರೆ, ಆಮೇಲೆಲ್ಲ ಮೊಪೆಡ್ಡೇ ಗತಿ. ಮುಂದೆ ಅಕ್ಕಿ ಮೂಟೆ, ಹಿಂದೆ ಎಣ್ಣೆ ಡಬ್ಬಿ, ನಡುವೆ ತಾನು. ಬೇಕಾದಲ್ಲಿ ಎರಡೂ ಕಾಲು ನೆಲಕ್ಕೆ ಕೊಟ್ಟರೆ ಸಾಕು, ಗಾಡಿ ನಿಂತಿತು. ಹಾಗಿದ್ದರೂ 'ನನಗೆ ಬರಲ್ಲ' ಎನ್ನಲು ಬಾಯಿ ಬರಲಿಲ್ಲ. ಅದಕ್ಕೆ ಕಾರಣವಿತ್ತು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ತೋಟಪ್ಪನ ಅಭಿಪ್ರಾಯ ಕೇಳುವವರು ಯಾರೂ ಇರಲಿಲ್ಲ. ಹೆಂಡತಿ ಜಂಬಮ್ಮ ಕೇಳುವುದಿರಲಿ, ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಈ ಅಳಿಯನೊಬ್ಬನೇ, ಫ್ರಿಜ್ಜು ಕೊಳ್ಳುವುದಿರಲಿ, ಗೋಡೆಗೆ ಬಣ್ಣ ಬಳಿಯುವುದಿರಲಿ, "ಮಾವಾರ, ನೀವೇನಂತೀರಿ?" ಎಂದು ಕೇಳುತ್ತಿದ್ದ. ಆ ಒಂದು ಮಾತು ತೋಟಪ್ಪನಿಗೆ ವಾರಗಟ್ಟಲೆ ಸಾಲುತ್ತಿತ್ತು. ಸುಳ್ಳು ಹೊರಬಿದ್ದರೆ ಅದೂ ಹೋದಂತೆ. ಅಪ್ಪನ ಮರ್ಯಾದೆ ಉಳಿಯಲೆಂದು ಕಾವ್ಯಳೂ ಗಂಡನ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಅಂದು ಬೆಳಿಗ್ಗೆ ಅಳಿಯನ ಫೋನು ಬಂತು. "ಮಾವಾರ, ಸಂಜಿ ರೈಲಿಗೆ ಇಳೀತೀನಿ. ಗಾಡಿ ತಗಂಡು ಹಂಗ ದೋಣಿಮಲೈಗೆ ಹೋಗ್ತೀನಿ. ನಾಳಿ ಫಸ್ಟ್ ಶಿಫ್ಟ್ ಐತಿ." ಅಲ್ಲಿನ ಕ್ವಾರ್ಟರ್ಸಿನ ಧೂಳು ಹೊಡೆಯಲೆಂದು ಕಾವ್ಯ ಆಗಲೇ ಬಸ್ಸು ಹತ್ತಿ ಹೋಗಿದ್ದಳು. ತೋಟಪ್ಪ ಚಾದರ ಸರಿಸಿ, ಕೈಮುಗಿದು, ಸ್ಟಾರ್ಟಿನ ಬಟನ್ ಒತ್ತಿದ. ಟಕ್ ಎಂದಿತು. ಮತ್ತೆ ಒತ್ತಿದ. ಈ ಸಲ ಟಕ್ ಕೂಡ ಎನ್ನಲಿಲ್ಲ.

"ಕಿಕ್ಕರ್ ಹೊಡೀರಲ್ಲ" ಎಂದಳು ಜಂಬಮ್ಮ, ಕೈಯಲ್ಲಿ ರೊಟ್ಟಿ ಹಿಟ್ಟು.

"ಈ ಗಾಡಿಗೆ ಕಿಕ್ಕರ್ ಇಲ್ಲ."

"ಅಷ್ಟು ರೊಕ್ಕ ಕೊಟ್ಟು ಕಿಕ್ಕರ್ ಇಲ್ಲದ್ದು ತಗಂಡಾರ?"

ಓಣಿಯ ಮೆಕ್ಯಾನಿಕ್ ಮುರುಗೇಶ ಬಂದ. ನಾಲ್ಕು ಜನ ಸೇರಿ ತಳ್ಳಿದ ಮೇಲೆ ಗಾಡಿ ಕೆಮ್ಮಿ, ಗುಡುಗಿ, ಎದ್ದಿತು. "ಅಣ್ಣಾ, ಬಂದ್ ಮಾಡ್ಬ್ಯಾಡ್ರಿ ಮತ್ತ. ಬಂದ್ ಮಾಡಿದ್ರ ಮುಗೀತು. ಸಂಡೂರು ಕಡಿ ಒಂದೆರಡು ತಾಸು ಓಡಿಸ್ಕಂಡು ಬರ್ರಿ, ಬ್ಯಾಟರಿ ಚಾರ್ಜ್ ಆಗ್ತದ" ಎಂದು ಹೇಳಿ ಕೈ ಒರೆಸಿಕೊಂಡು ಹೋದ.

ತೋಟಪ್ಪ ಗಾಡಿ ಹತ್ತಿದ್ದೇ ತಡ, ಹಿಂದೆ ಸೀಟು ಕುಸಿಯಿತು. ತಿರುಗಿ ನೋಡಿದರೆ ಪಕ್ಕದ ಮನೆಯ ಪುರಂದರ ರಾಯರು ಹೆಲ್ಮೆಟ್ಟು ಹಾಕಿಕೊಂಡು ಕೂತಿದ್ದರು. ಕಾಲುವೆ ಆಫೀಸಿನಿಂದ ನಿವೃತ್ತರಾದ ಮೇಲೆ ರಾಯರು ಫೋನಿನಲ್ಲಿ ಬೈಕಿನ ವಿಡಿಯೋ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದರು. ಜನ್ಮದಲ್ಲಿ ಸೈಕಲ್ಲಿಗಿಂತ ದೊಡ್ಡದನ್ನು ಓಡಿಸಿದವರಲ್ಲ.

"ನಡ್ರಿ ತೋಟಪ್ಪನವ್ರೆ. ನಿಮ್ಮನ್ನ ಒಬ್ರನ್ನ ಬಿಡೂದು ಸರಿಯಲ್ಲ. ಡ್ರೈವಿಂಗ್ ಅಂದ್ರ ಕೈಕಾಲಿಂದಲ್ಲ, ಕಣ್ಣಿಂದು. ಗಮನಿಸಬೇಕು. ನಾಕೂ ಕಡಿ ಗಮನಿಸಬೇಕು."

ಗಮನಿಸುವ ಸ್ಥಿತಿಯಲ್ಲಿ ತೋಟಪ್ಪ ಇರಲಿಲ್ಲ. ಮೊಪೆಡ್ಡಿನಲ್ಲಿ ಎಡಗೈಯ ಹಿಡಿಕೆ ಅದುಮಿದರೆ ಹಿಂದಿನ ಬ್ರೇಕು. ಬುಲೆಟ್ಟಿನಲ್ಲಿ ಅದೇ ಜಾಗದಲ್ಲಿ ಕ್ಲಚ್ಚು. ಹೀಗಾಗಿ ರಸ್ತೆಗೆ ಅಡ್ಡ ಕಟ್ಟಿದ ಹಂಪು ಬಂದಾಗಲೆಲ್ಲ ತೋಟಪ್ಪ ಅಭ್ಯಾಸಬಲದಿಂದ ಎಡಗೈ ಅದುಮುವನು. ಗಾಡಿ ನಿಲ್ಲುವುದರ ಬದಲು ಕಟ್ಟು ಬಿಚ್ಚಿದ ಎತ್ತಿನಂತೆ ಸರಾಗವಾಗಿ ಮುಂದೆ ಹೋಗಿಬಿಡುವುದು. ಮೊದಲ ಹಂಪಿನಲ್ಲಿ ಇಬ್ಬರೂ ಸೀಟಿನಿಂದ ಮೇಲೆದ್ದು ಮತ್ತೆ ಸೀಟಿಗೇ ಬಿದ್ದದ್ದು ಪುಣ್ಯ. ಇನ್ನು ಗೇರು ಬದಲಿಸಿದಾಗಲೆಲ್ಲ ರಾಯರ ಹೆಲ್ಮೆಟ್ಟು ಬಂದು ತೋಟಪ್ಪನ ಹೆಲ್ಮೆಟ್ಟಿಗೆ ಟೊಕ್ ಎಂದು ಬಡಿಯುತ್ತಿತ್ತು. ಆ ಟೊಕ್ಕಿಗೆ ಹೆದರಿ ಅವನು ಗೇರು ಬದಲಿಸುವುದನ್ನೇ ಬಿಟ್ಟ. ಗಾಡಿ ಎರಡನೇ ಗೇರಿನಲ್ಲೇ ಅರಚಿಕೊಳ್ಳುತ್ತ ಊರು ದಾಟಿತು.

"ಮುಂದಿನ ಗಾಲಿ ನೋಡ್ಬ್ಯಾಡ್ರಿ, ದೂರ ನೋಡ್ರಿ!" ಎಂದು ರಾಯರು ಕೂಗಿದರು.

ತೋಟಪ್ಪ ದೂರ ನೋಡಿದ. ದೂರದಲ್ಲಿ ಗುಡ್ಡ ಚೆನ್ನಾಗಿ ಕಾಣಿಸಿತು. ಹತ್ತಿರವಿದ್ದ ಕುರಿ ಹಿಂಡು ಕಾಣಿಸಲಿಲ್ಲ. ಕುರಿಗಳು ಗಾಡಿಯ ಗುಡುಗು ಕೇಳಿ ತಾವೇ ದಾರಿ ಬಿಟ್ಟವು. ಕಾಯುತ್ತಿದ್ದ ಮುದುಕಿ ಮಾತ್ರ ಬಿಡಲಿಲ್ಲ. "ಕಣ್ಣು ಮನ್ಯಾಗ ಇಟ್ಟು ಬಂದೀಯೇನಲೇ?" ಎಂದು ಕೋಲೆತ್ತಿಕೊಂಡು ಸ್ವಲ್ಪ ದೂರ ಓಡಿ ಬಂದಳು.

ಅದಿರಿನ ರೈಲಿನ ಗೇಟು ಬಂದಾಗ ಕಷ್ಟ ತುತ್ತತುದಿ ಮುಟ್ಟಿತು. ಸರಿಯಾಗಿ ಹಳಿಯ ಮೇಲೆ ಹೋಗಿ ಗಾಡಿ ಬಂದ್ ಬಿತ್ತು. ಹಿಂದೆ ಅದಿರಿನ ಲಾರಿಗಳು ಒಂದೇ ಸಮನೆ ಹಾರ್ನ್ ಹೊಡೆದವು. ಕ್ಲೀನರುಗಳು ಇಳಿದು ಬಂದು, ರಾಯರನ್ನು ಇಳಿಸುವುದಕ್ಕೂ ಪುರುಸೊತ್ತಿಲ್ಲದೆ ಇಬ್ಬರನ್ನೂ ಗಾಡಿಯ ಸಮೇತ ತಳ್ಳಿಕೊಂಡು ಹೋದರು. ಆ ತಳ್ಳಾಟಕ್ಕೆ ಗಾಡಿ ಮತ್ತೆ ಗುಡುಗಿ ಎದ್ದಿತು. "ಕಾಕಾ, ಇದು ನಿಮಗ ಆಗೂದಲ್ಲ, ಎತ್ತಿನ ಬಂಡಿ ತಗೋರಿ" ಎಂದ ಒಬ್ಬ. ತೋಟಪ್ಪನಿಗೆ ಕಣ್ಣಲ್ಲಿ ನೀರು ಬಂತು. ಧೂಳಿನಿಂದ ಎಂದುಕೊಂಡ. ಆದರೆ ಧೂಳಿನಿಂದ ಅಲ್ಲ. ಸಂಜೆ ಅಳಿಯ ಬಂದು ಬಟನ್ ಒತ್ತಿ, ಟಕ್ ಎಂದದ್ದನ್ನು ಕೇಳಿ, ತನ್ನ ಮುಖ ನೋಡುವುದು ಕಣ್ಣಿಗೆ ಕಟ್ಟಿದಂತಾಗಿತ್ತು.

ಸಂಡೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಎರ್ರೆಮ್ಮನ ಚಾದಂಗಡಿ ಸಿಕ್ಕಿತು. ಎರ್ರೆಮ್ಮ ತೋಟಪ್ಪನ ಅಂಗಡಿಯಿಂದಲೇ ಸಕ್ಕರೆ, ಚಾಪುಡಿ ಒಯ್ಯುವವಳು. ಅಂಗಳ ತುಂಬ ಲಾರಿ, ಬೈಕು. ಅದಿರಿನ ಧೂಳು ಕೂತು ಎಲ್ಲವೂ ಒಂದೇ ಕೆಂಪು ಬಣ್ಣಕ್ಕೆ ತಿರುಗಿದ್ದವು. ರಾಯರ ಬಿಳಿ ಅಂಗಿಯಂತೂ ಸನ್ಯಾಸ ಸ್ವೀಕರಿಸಿತ್ತು. ತೋಟಪ್ಪ ಗಾಡಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಎಂಜಿನ್ ಬಂದ್ ಮಾಡಲಿಲ್ಲ. ಮುರುಗೇಶನ ಮಾತು ನೆನಪಿತ್ತು.

"ಬಂದ್ ಮಾಡಣ್ಣಾ, ತಲಿ ಚಿಟ್ ಹಿಡೀತದ" ಎಂದಳು ಎರ್ರೆಮ್ಮ.

"ಆಗಲ್ಲಬೇ, ಹಂಗ ಇರ್ಲಿ."

"ಇರ್ಲಿ ಬಿಡು. ಕೀಲಿ ಅದರಾಗ ಇರ್ಲಿ, ಲಾರಿ ಬಂದ್ರ ಗಾಡಿ ಸರಸಬೇಕಾಗ್ತದ. ಇಲ್ಲಿ ಎಲ್ರೂ ಹಂಗ ಬಿಡ್ತಾರ."

ಒಳಗೆ ಫ್ಯಾನಿನ ಕೆಳಗೆ ಕೂತು ಇಬ್ಬರೂ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದರು. ರಾಯರು ಒಂದೊಂದು ಮಿರ್ಚಿಗೂ ಒಂದೊಂದು ಉಪದೇಶ ಕೊಟ್ಟರು. "ಗಾಡಿಗೊಂದು ಸ್ವಭಾವ ಇರ್ತದ್ರಿ. ಮೊಪೆಡ್ಡಿನ ಬುದ್ಧಿ ಮನ್ಯಾಗ ಬಿಡ್ರಿ. ಅದರ ಸ್ವಭಾವಕ್ಕ ನೀವು ಹೊಂದ್ಕೋಬೇಕು. ಕ್ಲಚ್ಚು ಹೂವಿನಂಗ ಬಿಡ್ರಿ, ಕಾಲಿಂದ ಬ್ರೇಕು ಒತ್ರಿ." ತೋಟಪ್ಪ ಮೊದಲ ಸಲ ಮನಸ್ಸಿಟ್ಟು ಕೇಳಿದ. ಬೇರೆ ದಾರಿಯೂ ಇರಲಿಲ್ಲ.

ಹೊರಗೆ ಬಂದು ನೋಡಿದರೆ ಬೇವಿನ ಗಿಡದ ಕೆಳಗೆ ಬುಲೆಟ್ಟು ನಿಂತಿದೆ, ಸದ್ದಿಲ್ಲ. ಎಂಜಿನ್ ಬಂದ್ ಆಗಿದೆ! ತೋಟಪ್ಪನ ಜೀವ ಬಾಯಿಗೆ ಬಂತು. ಬಟನ್ ಒತ್ತಿದ. ಡುಗ್ ಡುಗ್ ಡುಗ್ ಎಂದು ಒಂದೇ ಏಟಿಗೆ ಎದ್ದಿತು.

"ಚಾರ್ಜ್ ಆತು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ವಾಪಸು ಬರುವ ದಾರಿಯೇ ಬೇರೆ. ರಾಯರ ಮಾತಿನಂತೆ ತೋಟಪ್ಪ ಕ್ಲಚ್ಚನ್ನು ಹೂವಿನಂತೆ ಬಿಟ್ಟ. ಗಾಡಿ ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಟಿತು. ಗೇರು ಬಿತ್ತೋ ಇಲ್ಲವೋ ಎಂದು ಗೊತ್ತೇ ಆಗದಷ್ಟು ಮೆತ್ತಗೆ ಬೀಳುತ್ತಿತ್ತು. ಹೆಲ್ಮೆಟ್ಟು ಒಂದು ಸಲವೂ ಟೊಕ್ ಎನ್ನಲಿಲ್ಲ. ರೈಲು ಗೇಟಿನಲ್ಲಿ ಆ ಕ್ಲೀನರುಗಳು ಈಗ ಇರಬೇಕಿತ್ತು ಎನ್ನಿಸಿತು. ಹಂಪು ಬಂದರೆ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಎರಡು ತಿಂಗಳು ಈ ಗಾಡಿಗೆ ಹೆದರಿಕೊಂಡು ಕೂತೆನಲ್ಲ, ಎಂಥಾ ದಡ್ಡ ನಾನು ಎಂದುಕೊಂಡ. ಗಾಳಿ ಮುಖಕ್ಕೆ ಬಡಿಯುವಾಗ ವಯಸ್ಸಿನಲ್ಲಿ ಇಪ್ಪತ್ತು ವರ್ಷ ಇಳಿದಂತಾಯಿತು. ಬಹಳ ಸಂತೋಷವಾಯಿತು ಅವನಿಗೆ.

"ನೋಡಿದ್ರಾ? ಗಾಡಿ ಅದೇ, ಓಡಿಸೂ ರೀತಿ ಬದಲಾತು ಅಷ್ಟ" ಎಂದರು ರಾಯರು ಹಿಂದಿನಿಂದ.

ಓಣಿಗೆ ಬಂದ ಮೇಲೂ ಇಳಿಯಲು ಮನಸ್ಸಾಗದೆ ಇನ್ನೊಂದು ಸುತ್ತು ಹೊಡೆದ. ಮುರುಗೇಶ ಗ್ಯಾರೇಜಿನಿಂದ ಕೈ ಬೀಸಿದ. ಜಂಬಮ್ಮ ಬಾಗಿಲಲ್ಲಿ ನಿಂತು, ಗಂಡನನ್ನು ಎಷ್ಟೋ ವರ್ಷಗಳ ಮೇಲೆ ಸರಿಯಾಗಿ ನೋಡಿದಳು.

ಗಾಡಿ ತೊಳೆಯಬೇಕೆಂದು ಬಕೆಟ್ಟಿಗೆ ನೀರು ತುಂಬುವಷ್ಟರಲ್ಲಿ ರೇವಣಸಿದ್ದ ಆಟೋದಿಂದ ಇಳಿದ. ಮುಸ್ಸಂಜೆಯಾಗಿತ್ತು. ಮಾವನ ಕಾಲು ಮುಟ್ಟಿ ನಮಸ್ಕರಿಸಿದ. ಗಾಡಿಯ ಕಡೆ ನೋಡಿದಾಗ ಅವನ ಮುಖ ಅರಳಿತು. "ಸಂಡೂರು ಧೂಳು! ಅಲ್ಲೀತನ ಹೋಗಿದ್ರೇನು ಮಾವಾರ?"

"ಹೂಂ, ಹಿಂಗ ಒಂದು ರೌಂಡು" ಎಂದ ತೋಟಪ್ಪ. ಬದುಕಿನಲ್ಲಿ ಮೊದಲ ಸಲ ಗಾಡಿಯ ವಿಷಯದಲ್ಲಿ ಅವನು ನಿಜ ಹೇಳಿದ್ದ. ಆ ಖುಷಿಗೆ ತಾನೇ ಬಟನ್ ಒತ್ತಿ, ಎಂಜಿನ್ ಎಬ್ಬಿಸಿ, ಅಳಿಯನ ಕೈಗೆ ಹ್ಯಾಂಡಲ್ ಕೊಟ್ಟ. "ಧೂಳು ತೊಳೀತೀನಿ ತಡೀರಿ."

"ಬ್ಯಾಡ ಬಿಡ್ರಿ, ಮತ್ತ ಅದ ಧೂಳಿಗೆ ಹೊಂಟೀನಿ." ರೇವಣಸಿದ್ದ ಹತ್ತಿ ಕೂತು, ಕ್ಲಚ್ಚು ಅದುಮಿ ಬಿಟ್ಟು, ಕಣ್ಣು ಮುಚ್ಚಿ ಸದ್ದು ಆಲಿಸಿದ. "ಏನ್ ಮಾಡೀರಿ ಮಾವಾರ ಇದಕ್ಕ? ನನ್ನ ಕೈಯಾಗ ಇಷ್ಟು ಸ್ಮೂತ್ ಇದ್ದಿಲ್ಲ. ದಿನಾ ಓಡಿಸಿದ್ರ ಗಾಡಿ ಪಳಗ್ತದ ಅಂತಾರಲ್ಲ, ಖರೆ ನೋಡ್ರಿ. ನನ್ನ ಗಾಡಿ ಸದ್ದು ನಿದ್ದಿಗಣ್ಣಾಗ ಗುರುತು ಹಿಡೀತೀನಿ ನಾನು. ಈಗ ಇನ್ನಾ ಮಸ್ತ್ ಆಗ್ಯಾದ."

ಎದೆಯುಬ್ಬಿಸಿ ನಿಂತ ತೋಟಪ್ಪ ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಒಳಗೆ ಬಂದು ಕೂತರೆ, ಜಂಬಮ್ಮ ಕೇಳದೆಯೇ ಚಹಾ ತಂದಿಟ್ಟಳು.

ಚಹಾ ಮುಗಿಯುವ ಮೊದಲೇ ಫೋನು ಬಂತು. ಎರ್ರೆಮ್ಮ.

"ಅಣ್ಣಾ, ನಿನ್ನ ಬುಲೆಟ್ಟು ಬಿಟ್ಟು ಹೋಗೀಯಲ್ಲೋ! ಡುಗುಡುಗು ತಡೀಲಾರದ ನಾನ ಬಂದ್ ಮಾಡಿಸಿ, ಲಾರಿ ಹಿಂದ ನೆಳ್ಳಿಗೆ ನಿಲ್ಲಿಸಿದ್ದೆ. ಇಲ್ಲೇ ಐತಿ. ಆದ್ರ ಆ ಹುಲುಗೇಶಣ್ಣಂದು ಗಾಡಿ ಇಲ್ಲ. ನೀ ಹಚ್ಚಿದ್ದ ಗಿಡದ ಕೆಳಗ ತಂದು ಹಚ್ಚಿ, ಉಂಡು ಹಿಂದ ಹೊರಸಿನಮ್ಯಾಲೆ ಮಲಗಿದ್ದ, ಎದ್ದು ನೋಡಿ ಹೊಯ್ಕಂಡ. ನೀ ಏನರ ಅವಂದು ಒಯ್ದೀಯೇನು?"

ತೋಟಪ್ಪ ಚಹಾ ಕೆಳಗಿಟ್ಟ. "ಯಾವ ಹುಲುಗೇಶ?"

"ದೋಣಿಮಲೈ ಟೌನ್‌ಶಿಪ್ಪಿನ ಗೇಟಿನಾಗ ಸೆಕ್ಯೂರಿಟಿ ಅದಾನಲ್ಲ. ನೈಟ್ ಡ್ಯೂಟಿ ಐತಂತ ಸ್ಟಾಫ್ ಬಸ್ ಹತ್ತಿ ಹೋದ. ಗೇಟಿನಾಗ ಇರೋರಿಗೆ ಫೋನ್ ಹಚ್ಯಾನ, ಕರೀ ಬುಲೆಟ್ಟು ಬಂದ್ರ ಹಿಡೀರಿ ಅಂತ."

ತೋಟಪ್ಪ ಅಳಿಯನಿಗೆ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. "ಗಾಡಿ ಓಡಿಸ್ತಿರ್ತಾರ, ಎತ್ತೂದಿಲ್ಲ, ಭಾಳ ಶಿಸ್ತಿನ ಹುಡುಗ" ಎಂದರು ಪುರಂದರ ರಾಯರು. ಸುದ್ದಿ ಕೇಳಿ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದ ಅವರು, ತಾವೇಕೆ ಗಮನಿಸಲಿಲ್ಲ ಎಂಬ ಪ್ರಶ್ನೆ ಬರುವ ಮೊದಲೇ, ಹಿಂದೆ ಕೂತವರಿಗೆ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ ಎಂದು ಜಂಬಮ್ಮನಿಗೆ ವಿವರಿಸತೊಡಗಿದ್ದರು.

ತೋಟಪ್ಪ ಹಚ್ಚುತ್ತಲೇ ಇದ್ದ. ಕೊನೆಗೆ ಅಳಿಯನ ಫೋನೇ ಬಂತು. ಹಿಂದೆ ನಾಲ್ಕಾರು ಜನ ಜಗಳವಾಡುವ ಸದ್ದು.

"ಮಾವಾರ, ಇಲ್ಲಿ ಗೇಟಿನಾಗ ಯಾರೋ ಒಬ್ಬ ಈ ಗಾಡಿ ತನ್ನದು ಅಂತಾನ್ರಿ! ನಂಬರ್ ಪ್ಲೇಟ್ ಒರಸು ಅಂತಾನ. ಯಾಕ ಒರಸಬೇಕು? ನನ್ನ ಗಾಡಿ ನನಗ ಗೊತ್ತಿಲ್ಲೇನು? ಬಿಡಲಿಲ್ಲ ನಾನು, ಎಲ್ರ ಮುಂದ ಹೇಳೀನಿ. ಎರಡು ತಿಂಗಳು ದಿನಾ ಈ ಗಾಡಿ ಓಡಿಸಿದೋರು ನಮ್ಮ ಮಾವ. ಅವರಷ್ಟು ಇದನ್ನ ಬಲ್ಲೋರು ಯಾರೂ ಇಲ್ಲ. ಅವರು ಸುಳ್ಳು ಹೇಳೋ ಮನಷ್ಯಾರಲ್ಲ, ಅವರೇನಂತಾರೋ ಅದ ಫೈನಲ್ ಅಂದೀನಿ. ಫೋನು ಸ್ಪೀಕರಿಗೆ ಹಾಕೀನಿ, ಎಲ್ರೂ ಕೇಳಕತ್ತಾರ. ಹೇಳ್ರಿ ಮಾವಾರ, ನೀವೇನಂತೀರಿ?"